ಚನಿಯಪ್ಪ ಶೇರಿಗಾರನ ಮಂಗಳ

ಚನಿಯಪ್ಪ ಶೇರಿಗಾರನನ್ನು ಹೊಗಳಲು ನಾನು ಕುಳಿತಿಲ್ಲ. ವರ್ಷಗಟ್ಟಲೆ ಅವನ ಜೊತೆ ಡೋಲು ಬಾರಿಸಿದರೂ ಅವನ ಬಾಯಿಂದ ಒಂದು ಒಳ್ಳೆಯ ಮಾತು ಕೇಳಿದ ನೆನಪು ನನಗಿಲ್ಲ. ತಾಳ ಒಂದಿಷ್ಟು ಜಾರಿದರೆ ಸಾಕು, ಮದುವೆ ಚಪ್ಪರದಲ್ಲಿ ಎಲ್ಲರ ಎದುರಿಗೇ ತಿರುಗಿ ನನ್ನನ್ನು ದುರುಗುಟ್ಟಿ ನೋಡುತ್ತಿದ್ದ. ಆದರೂ ಊರವರು ಅವನಿಗೆ ಮಾಡಿದ್ದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಬೆಳುವಾಯಿಯ ಆಚೆ ಒಂದು ದೇವಸ್ಥಾನದಲ್ಲಿ ವಾದ್ಯ ನುಡಿಸುವುದು ಅವನ ಮನೆತನದ ಹಕ್ಕು. ನಮ್ಮಲ್ಲಿ ಇಂಥ ಹಕ್ಕು ಮಾವನಿಂದ ಸೋದರಳಿಯನಿಗೆ ಬರುವುದು. ಮಾವ ತೀರಿಕೊಂಡಾಗ ಚನಿಯಪ್ಪನಿಗೆ ನಾಗಸ್ವರ ಬಂತು, ಜೊತೆಗೆ ಮಹಾಪೂಜೆಯ ಕೊನೆಗೆ ನುಡಿಸುವ ಒಂದು ಮಂಗಳವೂ ಬಂತು. ಆ ಮನೆಯವರ ಹೊರತು ಬೇರೆ ಯಾರಿಗೂ ಅದು ಬಾರದು. ಅದು ಶುರುವಾದ ಕೂಡಲೇ ಅಂಗಣದಲ್ಲಿ ಕುಳಿತವರೆಲ್ಲ ಎದ್ದು, ಹೆಗಲ ಶಾಲನ್ನು ಸೊಂಟಕ್ಕೆ ಸುತ್ತಿ, ಕಣ್ಣು ಮುಚ್ಚಿ ಕೈ ಮುಗಿಯಬೇಕು. ಹುಟ್ಟಿದಂದಿನಿಂದ ಬಂದ ಅಭ್ಯಾಸ. ಯಾರೂ ಯೋಚಿಸಿ ಏಳುವುದಲ್ಲ. ಮಾವ ಹಾಕಿಕೊಟ್ಟ ಇನ್ನೊಂದು ಕಟ್ಟಳೆಯೂ ಇತ್ತು. ವಾದ್ಯ ಎಲ್ಲೇ ಎತ್ತಲಿ, ಮಂಗಳ ನುಡಿಸದೆ ಅದನ್ನು ಕೆಳಗಿಡುವಂತಿಲ್ಲ. ಮದುವೆ ಮನೆಯಲ್ಲಾದರೆ ಜನ ಚದುರಿದ ಮೇಲೆ ಮೆಲ್ಲಗೆ ಎರಡು ಸಾಲು ನುಡಿಸಿಯೇ ಅವನು ಪೆಟ್ಟಿಗೆ ಮುಚ್ಚುತ್ತಿದ್ದ.

ಐವತ್ತೆಂಟನೇ ಇಸವಿಯಲ್ಲಿ ಮಂಗಳೂರಿನ ಒಂದು ಬ್ಯಾಂಡ್ ಸೆಟ್ಟು ಮುಚ್ಚಿಹೋದಾಗ ಅಲ್ಲಿಂದ ಸ್ಯಾಕ್ಸೊಫೋನ್ ತಂದ. ದೇವಸ್ಥಾನದ ಮೊಕ್ತೇಸರ ಚಿನ್ನಯ್ಯ ಹೆಗ್ಡೆ ಅದನ್ನು ನೋಡಿ, "ಇದೆಂಥದ್ದು ಮಾರಾಯ, ಹುಕ್ಕವಾ?" ಎಂದು ನಕ್ಕರು. ಚನಿಯಪ್ಪ ಆ ನಗೆಗೆ ಸೊಪ್ಪು ಹಾಕಲಿಲ್ಲ. ಹಗಲೆಲ್ಲ ಗದ್ದೆಯ ಕೆಲಸ, ಸಂಜೆ ಊದುವುದು. ಮರುವರ್ಷ ಅದರಲ್ಲೇ ಮಂಗಳ ನುಡಿಸಿದಾಗ ಹೆಗ್ಡೆಯವರೂ ಎದ್ದು ಕೈ ಮುಗಿದರು.

ಪಾನನಿಷೇಧ ಹೋದ ಮೇಲೆ, ಅರುವತ್ತೆಂಟರಲ್ಲಿ, ಬೊಂಬಾಯಿಯ ಹೋಟೆಲುಗಳಲ್ಲಿ ದುಡಿದು ಬಂದ ಹುಕ್ರಪ್ಪ ಬಂಟ್ವಾಳದಲ್ಲಿ 'ಮೂನ್‌ಲೈಟ್ ಕಾಕ್‌ಟೇಲ್ ಲೌಂಜ್' ತೆರೆದ. ಲೌಂಜ್ ಎಂದರೆ ಹಳೆಯ ಅಕ್ಕಿ ಗೋದಾಮಿಗೆ ಕೆಂಪು ಬಲ್ಬು ಹಾಕಿ, ಮಾನವಂತರು ಮರೆಯಲ್ಲಿ ಕುಡಿಯಲೆಂದು ಪರದೆ ಕಟ್ಟಿದ್ದು. ಕಾಕ್‌ಟೇಲ್ ಎಂದರೆ ಬ್ರಾಂದಿಗೆ ಲಿಂಬೆ ಶರಬತ್ತು ಸುರಿದದ್ದು. ಬೊಂಬಾಯಿಯಲ್ಲಿ ಕಂಡ ಹಾಗೆ ಇಲ್ಲಿಯೂ ಜಾಜ್ ಬೇಕೆಂಬ ಹುಚ್ಚು ಅವನಿಗೆ. ನಾಲ್ವರನ್ನು ಸೇರಿಸಿದ. ಚನಿಯಪ್ಪನ ಸ್ಯಾಕ್ಸೊಫೋನ್, ಇಗರ್ಜಿಯ ಮದುವೆಗಳಿಗೆ ಟ್ರಂಪೆಟ್ ಊದುವ ಲಾಯಿಲದ ಪಾಸ್ಕಲ್ ಸಿಕ್ವೇರ, ಬೆಳ್ತಂಗಡಿಯ ಜತ್ತಪ್ಪನ ಬ್ಯಾಂಜೊ, ನನ್ನ ಡ್ರಮ್ಮು.

ಜಾಜ್ ಗೊತ್ತಿದ್ದದ್ದು ಪಾಸ್ಕಲನಿಗೆ ಮಾತ್ರ. ಹಾಡನ್ನು ಒಮ್ಮೆ ಎಲ್ಲರೂ ಕೂಡಿ ನುಡಿಸಬೇಕು, ಆಮೇಲೆ ಒಬ್ಬೊಬ್ಬನೇ ಅದನ್ನು ಬಿಟ್ಟು ತನಗೆ ತೋಚಿದ ಕಡೆ ತಿರುಗಾಡಿ ಬರಬೇಕು ಎಂದು ಹೇಳಿಕೊಟ್ಟ.

"ಇದಕ್ಕೆ ಇಂಗ್ಲಿಷ್ ಹೆಸರು ಯಾಕೆ ಮಾರಾಯ? ನಾನು ವಾದ್ಯ ಹಿಡಿದಂದಿನಿಂದ ತಿರುಗಾಡ್ತಾ ಇದ್ದೇನೆ" ಎಂದ ಚನಿಯಪ್ಪ.

ಬೈಯುತ್ತ ಬೈಯುತ್ತಲೇ ಅದಕ್ಕೆ ಮರುಳಾದ. ಅವನು ತಿರುಗಾಡಲು ಹೊರಟರೆ ಪಾಸ್ಕಲ್ ಟ್ರಂಪೆಟ್ ಮಡಿಲಲ್ಲಿಟ್ಟು ಬಾಯಿ ಬಿಟ್ಟುಕೊಂಡು ಕೂರುತ್ತಿದ್ದ. ದೊಡ್ಡ ಶಹರದವರು ನಮ್ಮ ಜಾಜ್ ಕೇಳಿ ನಕ್ಕಾರು. ನಗಲಿ, ಅವರಿಗೆ ಚನಿಯಪ್ಪ ಸಿಕ್ಕಿರಲಿಲ್ಲ.

ಊರಲ್ಲಿ ಗೊಣಗಾಟ ಶುರುವಾಯಿತು. ಬಂಟ್ವಾಳದ ಆ ಅಡ್ಡೆಯಿಂದ ಸೀಮೆಯೇ ಕೆಟ್ಟಿತು ಎಂದು ಹೆಗ್ಡೆಯವರು ಅಂಗಣದಲ್ಲಿ ನಿಂತು ಭಾಷಣ ಬಿಗಿದರು. ಚನಿಯಪ್ಪ ಒಂದು ತೊಟ್ಟೂ ಕುಡಿದವನಲ್ಲವಾದ್ದರಿಂದ ಹಕ್ಕು ಕಸಿಯುವ ಮಾತು ಮಾತ್ರ ಯಾರೂ ಎತ್ತಲಿಲ್ಲ.

ಒಂದು ಶನಿವಾರ ಸಂಜೆ ನಾವು ನುಡಿಸುತ್ತಿದ್ದಾಗ ಕರೆಂಟು ಹೋಯಿತು. ಹುಕ್ರಪ್ಪ ಕತ್ತಲಲ್ಲೇ, "ಇವತ್ತಿಗೆ ಸಾಕು, ನಿಲ್ಲಿಸುವ" ಎಂದ. ಕುರ್ಚಿ ಎಳೆದ ಸದ್ದು, ಬಾಗಿಲ ಸದ್ದು ಕೇಳಿ ಗಿರಾಕಿಗಳು ಹೋದರೆಂದೇ ಚನಿಯಪ್ಪ ಎಣಿಸಿದ. ಎಂದಿನಂತೆ ಮಂಗಳ ಎತ್ತಿದ. ಆ ದಿನ ಎರಡು ಸಾಲಿಗೆ ನಿಲ್ಲಿಸಲಿಲ್ಲ. ಕತ್ತಲೆಗೋ ಏನೋ, ಪೂರ್ತಿ ನುಡಿಸಿದ. ಮುಗಿಯುವಷ್ಟರಲ್ಲಿ ಕರೆಂಟು ಬಂತು.

ಮೂಲೆಯ ಪರದೆ ಸರಿದಿತ್ತು. ಅದರಾಚೆ ಚಿನ್ನಯ್ಯ ಹೆಗ್ಡೆ ನೆಟ್ಟಗೆ ನಿಂತಿದ್ದರು. ಶಾಲು ಸೊಂಟಕ್ಕೆ ಬಂದಿತ್ತು, ಕಣ್ಣು ಮುಚ್ಚಿತ್ತು, ಮುಗಿದ ಎರಡು ಕೈಗಳ ನಡುವೆ ಬ್ರಾಂದಿಯ ಗ್ಲಾಸಿತ್ತು.

ಕಕ್ಕಿಂಜೆಯ ಒಬ್ಬ ರಬ್ಬರ್ ವ್ಯಾಪಾರಿ ಮೊದಲು ನಕ್ಕ. "ಯಾವ ದೇವರು ಹೆಗ್ಡೇರೇ?" ಎಂದು ಕೇಳಿದ. ಆಮೇಲೆ ಇಡೀ ಲೌಂಜೇ ನಕ್ಕಿತು. ಚನಿಯಪ್ಪ ನಗಲಿಲ್ಲ. ಅವನ ಮುಖ ಬಿಳುಚಿಕೊಂಡಿತ್ತು.

"ಬೇಕೂಂತಲೇ ಮಾಡಿದ್ದು ನೀನು. ನಿನ್ನನ್ನು ನೋಡಿಕೊಳ್ತೇನೆ" ಎಂದು ಹೆಗ್ಡೆಯವರು ಹೊರಟುಹೋದರು.

ನೋಡಿಕೊಂಡರು ಕೂಡ. ಸೋಮವಾರ ದೇವಸ್ಥಾನದಲ್ಲಿ ಸಭೆ ಸೇರಿತು. ದೇವರ ಮಂಗಳವನ್ನು ಕುಡುಕರ ಮುಂದೆ ನುಡಿಸಿದ ಎಂಬುದು ಆರೋಪ. ಹೆಗ್ಡೆಯವರು ಅಲ್ಲಿ ಯಾಕೆ ಹೋಗಿದ್ದರೆಂದು ಕೇಳುವ ಗಂಡಸು ಆ ಸಭೆಯಲ್ಲಿರಲಿಲ್ಲ. ನಾನು ಕೇಳಹೊರಟೆ, ಹೆಗಲು ಹಿಡಿದು ನನ್ನನ್ನು ಹೊರಗೆ ದಬ್ಬಿದರು. ಅಂಗಣದ ಗೋಡೆಯಾಚೆ ನಿಂತು ಉಳಿದದ್ದನ್ನು ಕೇಳಿದೆ.

ಹೆಗ್ಡೆಯವರು ಮಾತು ಮೆತ್ತಗೆ ಮಾಡಿ, "ನೀನು ನುಡಿಸಿದ್ದು ಯಾವುದೋ ಸಿನೆಮಾ ಹಾಡು. ಅಲ್ಲಿ ಯಾರೂ ಎದ್ದು ನಿಲ್ಲಲಿಲ್ಲ. ದೇವರ ಮುಂದೆ ಅಷ್ಟು ಹೇಳು, ನಿನ್ನ ಹಕ್ಕು ನಿನಗೇ ಉಂಟು" ಎಂದರು.

ಹೇಳಿಬಿಡು ಮಾರಾಯ ಎಂದು ನಾನು ಗೋಡೆಯಾಚೆ ಹಲ್ಲು ಕಚ್ಚಿದೆ. ಆ ಅಂಗಣ ಬಿಟ್ಟರೆ ಅವನಿಗೆ ಬದುಕಿಲ್ಲವೆಂದು ನನಗೆ ಗೊತ್ತಿತ್ತು.

"ನಾನು ನುಡಿಸಿದ್ದು ಮಂಗಳವೇ ಧನಿ. ನೀವು ಕೈ ಮುಗಿದದ್ದು ತಪ್ಪಲ್ಲ. ತಪ್ಪೂಂತ ನನ್ನ ಬಾಯಲ್ಲಿ ಹೇಳಿಸಬೇಡಿ" ಎಂದ ಚನಿಯಪ್ಪ.

ಹಕ್ಕು ಹೋಯಿತು. ಅವನ ಅಕ್ಕ ಕಾವೇರಮ್ಮನ ಮಗ ಲೋಕಯ್ಯನಿಗೆ ಕೊಟ್ಟರು. ಲೋಕಯ್ಯ ಮೂವತ್ತು ದಾಟಿದವನು, ಮಾವ ಚನಿಯಪ್ಪನ ಹಿಂದೆ ಕುಳಿತೇ ಎಲ್ಲ ಕಲಿತವನು. ಕೊಟ್ಟದ್ದನ್ನು ಮರುಮಾತಿಲ್ಲದೆ ತೆಗೆದುಕೊಂಡ. ಆದರೆ ಮಂಗಳವನ್ನು ಮಾವ ಕೊನೆಗಾಲದಲ್ಲಿ ಎದುರು ಕೂರಿಸಿ ಹೇಳಿಕೊಡುವುದು ಪದ್ಧತಿ. ಲೋಕಯ್ಯ ಅದನ್ನು ಕೇಳಿದ್ದನೇ ಹೊರತು ಸ್ವರ ಹಿಡಿಯಲಾರ. ಮೊದಲ ಮಹಾಪೂಜೆಯಲ್ಲೇ ಅರ್ಧಕ್ಕೆ ಎಡವಿದ. ಜನ ಏಳಬೇಕೋ ಕೂರಬೇಕೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ.

ಮರುದಿನ ಕಾವೇರಮ್ಮ ತಮ್ಮನ ಮನೆಗೆ ಓಡಿಬಂದಳು. ನಾನು ಅಲ್ಲೇ ಇದ್ದೆ.

"ಅವನಿಗೆ ಕಲಿಸು ಚನಿಯ. ಮಾನ ಹೋಗ್ತದೆ."

"ಯಾರದ್ದು?"

"ನಮ್ಮ ಮನೆಯದ್ದು."

ಚನಿಯಪ್ಪ, "ಕಲಿಸ್ತೇನೆ ಅಕ್ಕ. ಇಲ್ಲಿ ಅಲ್ಲ. ಮಾವನ ಮಂಗಳ ನುಡಿಸಲು ಯಾವ ಜಾಗ ಹೊಲಸೂಂತ ಹೇಳಿದರೋ, ಆ ಜಾಗದಲ್ಲೇ ಕಲಿಸ್ತೇನೆ. ಬೇಕಾದರೆ ಬರಲಿ" ಎಂದ.

ಕಾವೇರಮ್ಮ ಬೈದಳು, ಅತ್ತಳು, ಹೆಗ್ಡೆಯವರಲ್ಲಿಗೆ ಹೋಗಿ ಹೇಳಿದಳು. ಹೆಗ್ಡೆಯವರು ಮೊದಲು ಹಾರಾಡಿದರು. ಇನ್ನೊಂದು ಮಹಾಪೂಜೆ ಹತ್ತಿರ ಬಂದಾಗ, "ಎಲ್ಲಿ ಕಲಿತನೆಂದು ನಾವು ಕೇಳುವುದಿಲ್ಲ" ಎಂದು ಹೇಳಿ ಕಳಿಸಿದರು.

ಹೀಗೆ ಲೋಕಯ್ಯ ಹಗಲಿನಲ್ಲಿ, ಗಿರಾಕಿಗಳಿಲ್ಲದ ಹೊತ್ತಿಗೆ, ಮೂನ್‌ಲೈಟಿಗೆ ಬಂದ. ಮೈಮೇಲೆ ಹುಳ ಹರಿದವರ ಹಾಗೆ ಕುರ್ಚಿಯ ತುದಿಯಲ್ಲಿ ಕುಳಿತ. ಚನಿಯಪ್ಪ ಒಂದು ಸ್ವರವನ್ನೂ ಮುಚ್ಚಿಡಲಿಲ್ಲ. ತಪ್ಪಿದಾಗ ನನಗೆ ಬೈಯುತ್ತಿದ್ದ ಹಾಗೆ ಬೈದ; ಸರಿಯಾದಾಗ ಸುಮ್ಮನಿದ್ದ. ಕೊನೆಯ ದಿನ ಲೋಕಯ್ಯ ಒಂದೂ ತಪ್ಪಿಲ್ಲದೆ ನುಡಿಸಿ, ಎದ್ದು, ಕಾಲು ಮುಟ್ಟಲು ಬಗ್ಗಿದ. ಚನಿಯಪ್ಪ ಕಾಲು ಹಿಂದಕ್ಕೆಳೆದುಕೊಂಡ.

"ಅಲ್ಲಿ ಜನ ಎದ್ದು ನಿಂತಾಗ ಅವಸರ ಮಾಡಬೇಡ. ಎಲ್ಲರೂ ಏಳುವವರೆಗೆ ಆ ಮೇಲಿನ ಸ್ವರ ಹಿಡಿದುಕೋ. ಮುದುಕರಿಗೆ ಏಳಲು ಹೊತ್ತು ಬೇಕಾಗ್ತದೆ" ಎಂದ.

ಲೋಕಯ್ಯ ಹೋದ ಮೇಲೆ ಅವನು ನನ್ನ ಡ್ರಮ್ಮಿನ ಪಕ್ಕ ಕುಳಿತು, "ಹೊಟ್ಟೆ ಉರೀತದೆ ಭೋಜಣ್ಣ" ಎಂದು ಮಕ್ಕಳ ಹಾಗೆ ಅತ್ತ.