ಇಳಿದು ನೋಡುವವಳು

ನಮ್ಮ ಅತ್ತಿಗೆಗೆ ಲಾರಿ ಹಿಂದಕ್ಕೆ ಬಿಡಲು ಬರುವುದಿಲ್ಲ ಎಂದು ಸರ್ಕಾರ ಮೂರು ಸಲ ತೀರ್ಮಾನ ಮಾಡಿತು. ನಗಬೇಕೋ ಅಳಬೇಕೋ ನೀವೇ ಹೇಳಿ. ಮದುವೆಯಾದ ಹೊಸದರಲ್ಲಿ ಅಣ್ಣನ ಪಕ್ಕ ಕೂತು ಲಾರಿ ಕಲಿತವಳು, ವರ್ಷ ಕಳೆಯುವುದರೊಳಗೆ ಅಣ್ಣನನ್ನೇ ಪಕ್ಕದ ಸೀಟಿಗೆ ತಳ್ಳಿ ಸ್ಟೇರಿಂಗ್ ಹಿಡಿದವಳು. ಉದ್ದದ ಟ್ರೇಲರನ್ನು ಎರಡು ಗೋಡೆಗಳ ನಡುವಿನ ಸಂದಿಗೆ ಹಿಂದುಹಿಂದಕ್ಕೆ ಬಿಟ್ಟು, ಗೋಡೆಯ ಸುಣ್ಣವೂ ಅಂಟದ ಹಾಗೆ ನಿಲ್ಲಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಅವಳ ನಾದಿನಿ. ಸರಕು ಯಾರ್ಡಿನ ಗೇಟಿನೆದುರು ಪುಟ್ಟ ಅಂಗಡಿ ಇಟ್ಟುಕೊಂಡು ಲಾರಿ ಸೀಟುಗಳಿಗೆ ಕವರ್ ಹೊಲಿಯುತ್ತೇನೆ. ಅತ್ತಿಗೆಯನ್ನು ಹೊಗಳುವ ನಾದಿನಿಯನ್ನು ಯಾರೂ ನಂಬುವುದಿಲ್ಲ, ಅದು ನನಗೂ ಗೊತ್ತು. ಅವಳ ಮೂಗಿನ ತುದಿಯ ಕೋಪ, ಅವಳ ಹಟ, ಸಾರಿಗೆ ಉಪ್ಪು ಹಾಕಲು ಮರೆತು ನನ್ನ ಮೇಲೆ ಹೊರಿಸುವುದು, ಇವನ್ನೆಲ್ಲ ಹೇಳಲು ಕೂತರೆ ಬೇರೆಯದೇ ಕಥೆಯಾದೀತು. ಇಲ್ಲಿ ಹೇಳುವುದು ಲೈಸೆನ್ಸಿನ ಕಥೆ.

ಯಾರ್ಡಿನ ಗೇಟಿನ ಮೇಲೆ ಆಳೆತ್ತರದ ಬೋರ್ಡ್ ಇದೆ: ಚಾಲಕರು ಬೇಕಾಗಿದ್ದಾರೆ. ಯಾರ್ಡಿನ ಮ್ಯಾನೇಜರ್ ಟೀವಿಯಲ್ಲೂ ಕಾಣಿಸಿಕೊಂಡು, "ಡ್ರೈವರ್‌ಗಳೇ ಸಿಗ್ತಿಲ್ಲ, ಈಗಿನವರಿಗೆ ಮೈ ಬಗ್ಗಲ್ಲ" ಎಂದು ಗೋಳಾಡಿದ. ಕೇಳಿ ನನ್ನ ಮೈ ಉರಿಯಿತು. ನಮ್ಮ ಬೀದಿಗೊಮ್ಮೆ ಬಂದು ನೋಡಲಿ. ಮೂಲೆಮನೆಯವನು ಹೆವಿ ಲೈಸೆನ್ಸ್ ಜೇಬಲ್ಲಿಟ್ಟುಕೊಂಡು ಶಾಲೆಯ ಗೇಟು ಕಾಯುತ್ತಾನೆ. ಎದುರುಮನೆಯ ಮೀಸೆ ಮಾವ ತರಕಾರಿ ಗಾಡಿ ತಳ್ಳುತ್ತಾನೆ. ಯಾಕೆ ಬಿಟ್ಟಿರಿ ಎಂದರೆ ಇಬ್ಬರದೂ ಒಂದೇ ಉತ್ತರ. ಸರಕು ಇಳಿಸಲು ಅರ್ಧ ದಿನ ಸಾಲಿನಲ್ಲಿ ಕಾಯಬೇಕು. ಕಾಯುವುದು ಕೆಲಸವಲ್ಲವಂತೆ, ಅದಕ್ಕೆ ಸಂಬಳವಿಲ್ಲ. ಸರದಿ ಬಂದ ಮೇಲೆ ತಡ ಮಾಡಿದೆ ಎಂಬ ಬೈಗುಳ ಮಾತ್ರ ಬಿಟ್ಟಿ. ನನ್ನ ಅಂಗಡಿಗೆ ಬರುವ ಸೀಟುಗಳನ್ನು ನೋಡಿದರೆ ಸಾಕು, ಓಡಿಸಿ ಸವೆದದ್ದಕ್ಕಿಂತ ಕಾದು ಸವೆದದ್ದೇ ಹೆಚ್ಚು.

ಮೊದಲು ಪ್ರತಿ ಲಾರಿಗೂ ಇಬ್ಬರಿರುತ್ತಿದ್ದರು. ಹಿಂದಕ್ಕೆ ಬಿಡುವಾಗ ಒಬ್ಬರು ಇಳಿದು ಹಿಂದೆ ನಿಂತು, ಲಾರಿಯ ಮೈ ತಟ್ಟುತ್ತ "ಬರ್ಲಿ, ಬರ್ಲಿ" ಎಂದು ಕೂಗುವುದು ಪದ್ಧತಿ. ಅಣ್ಣ ಅತ್ತಿಗೆ ಹಾಗೆಯೇ ದುಡಿದರು. ಆಮೇಲೆ ಖರ್ಚು ಹೆಚ್ಚಾಯಿತು ಎಂದು ಯಾರ್ಡಿನವರು ಲಾರಿಗೆ ಒಬ್ಬರೇ ಸಾಕು ಎಂದರು. ಗಂಡನಿಗೊಂದು ಲಾರಿ, ಹೆಂಡತಿಗೊಂದು ಲಾರಿ. ಹಿಂದೆ ನಿಲ್ಲುವವರು ಯಾರೂ ಇಲ್ಲದ್ದರಿಂದ ಇಬ್ಬರೂ ಒಂದು ಅಭ್ಯಾಸ ಮಾಡಿಕೊಂಡರು: ಹಿಂದಕ್ಕೆ ಬಿಡುವ ಮುಂಚೆ ಲಾರಿ ನಿಲ್ಲಿಸುವುದು, ಇಳಿಯುವುದು, ಹಿಂದೆ ಹೋಗಿ ನೋಡಿ ಬರುವುದು. ಹಾಗೆ ಇಳಿದಾಗಲೆಲ್ಲ ಮ್ಯಾನೇಜರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಕಿರುಚುತ್ತಿದ್ದ, "ಇಳಿದು ನೋಡೋಕೆ ಇದೇನು ಪಾರ್ಕಾ? ಹತ್ತಿ, ಬೇಗ ಬಿಡಿ!"

ಹೊಸದಾಗಿ ಸೇರಿದ್ದ ಡ್ರೈವರ್ ಒಬ್ಬ ಆ ಕಿರುಚಾಟಕ್ಕೆ ಹೆದರಿ ಇಳಿದು ನೋಡದೆ ಲಾರಿ ಹಿಂದಕ್ಕೆ ಬಿಟ್ಟ. ಅವನ ಟ್ರೇಲರಿನ ಹಿಂದೆ ಅಣ್ಣ ನಿಂತು ತನ್ನ ಲಾರಿಯ ಬಾಗಿಲ ಕೊಂಡಿ ಹಾಕುತ್ತಿದ್ದ.

ಜೀವ ಉಳಿಯಿತು. ಎಡಗಾಲು ಉಳಿದೂ ಇಲ್ಲದ ಹಾಗಾಯಿತು. ಅಣ್ಣನನ್ನು ಎಬ್ಬಿಸಿ, ಕೂರಿಸಿ, ಊರುಗೋಲಿನ ಮೇಲೆ ನಡೆಸುವುದರಲ್ಲಿ ಅತ್ತಿಗೆಗೆ ವರ್ಷಗಳೇ ಉರುಳಿದವು. ಮತ್ತೆ ಸ್ಟೇರಿಂಗ್ ಹಿಡಿಯೋಣ ಎಂದು ಹೊರಟರೆ ಲೈಸೆನ್ಸಿನ ಅವಧಿ ಮುಗಿದು ಬಹಳ ಕಾಲವಾಗಿತ್ತು. ಅಷ್ಟು ತಡವಾದರೆ ನವೀಕರಣವಿಲ್ಲ, ಹೊಸಬರ ಹಾಗೆ ಪರೀಕ್ಷೆ ಕೊಡಬೇಕಂತೆ. ಮೂರು ಅವಕಾಶ. ಮೂರೂ ತಪ್ಪಿದರೆ ಒಂದು ವರ್ಷ ಆ ಕಡೆ ತಲೆ ಹಾಕುವಂತಿಲ್ಲ. ನನ್ನ ಹೊಲಿಗೆಯಿಂದ ಮೂವರ ಹೊಟ್ಟೆ ಒಂದು ವರ್ಷ ತುಂಬುವುದು ಕನಸಿನ ಮಾತು.

ಪರೀಕ್ಷೆ ತೆಗೆದುಕೊಳ್ಳುವ ಅಧಿಕಾರಿಗೆ ನಾವೆಲ್ಲ ಇಟ್ಟ ಹೆಸರು ಕೋನ್ ಸಾಹೇಬರು. ಮೈದಾನದ ಕಿತ್ತಳೆ ಬಣ್ಣದ ಕೋನ್‌ಗಳನ್ನು ಅವರು ದಿನಾ ಬೆಳಿಗ್ಗೆ ತಾವೇ ಒರೆಸಿ ಸಾಲಾಗಿ ನಿಲ್ಲಿಸುತ್ತಾರೆ. ಕೆಟ್ಟ ಮನುಷ್ಯರಲ್ಲ. ಆದರೆ ನಿಯಮ ಬಿಟ್ಟು ಅತ್ತಿತ್ತ ಜಪ್ಪಯ್ಯ ಅಂದರೂ ಅಲುಗುವವರಲ್ಲ. ನಿಯಮ ಏನೆಂದರೆ, ಕೋನ್‌ಗಳ ನಡುವೆ ಟ್ರೇಲರನ್ನು ಹಿಂದಕ್ಕೆ ಬಿಟ್ಟು ನಿಲ್ಲಿಸುವ ತನಕ ಸೀಟು ಬಿಡಬಾರದು. ಬಿಟ್ಟರೆ ಫೇಲ್.

ಮೊದಲ ಸಲ ಅತ್ತಿಗೆಗೆ ನಿಯಮ ಗೊತ್ತಿರಲಿಲ್ಲ. ಲಾರಿ ನಿಲ್ಲಿಸಿದಳು, ಇಳಿದಳು, ಹಿಂದೆ ಹೋಗಿ ನೋಡಿ ಬಂದಳು. ಫೇಲ್. ಎರಡನೇ ಸಲ ಗೊತ್ತಿತ್ತು. ಆದರೂ ಇಳಿದಳು. ಫೇಲ್.

ಆ ದಿನ ಮನೆಯಲ್ಲಿ ನಾನು ಬಾಯಿಗೆ ಬಂದ ಹಾಗೆ ಬೈದೆ.

"ಅತ್ತಿಗೆ, ನಿನಗೆ ತಲೆ ನೆಟ್ಟಗಿದೆಯಾ? ಒಂದು ದಿನ, ಒಂದೇ ಒಂದು ದಿನ ಸೀಟಿಗೆ ಅಂಟಿಕೊಂಡು ಕೂತ್ಕೋ. ಲೈಸೆನ್ಸ್ ಕೈಗೆ ಬಂದ್ಮೇಲೆ ದಿನಕ್ಕೆ ನೂರು ಸಲ ಇಳಿ, ಬೇಡ ಅಂದವರು ಯಾರು?"

ಅವಳು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ನಿಮ್ಮಣ್ಣನಿಗೆ ಗುದ್ದಿದ ಆ ಡ್ರೈವರ್‌ಗೂ ಪರೀಕ್ಷೇಲಿ ಇದನ್ನೇ ಕಲಿಸಿ ಕಳಿಸಿದ್ರು. ಇಳಿಯಬೇಡ, ಇಳಿದ್ರೆ ಫೇಲ್ ಅಂತ. ಅವನು ಪಾಸಾದ."

"ಅದಕ್ಕೆ?"

"ಅದಕ್ಕೆ ನಾನು ಇಳೀತೀನಿ."

ನಾನು ಅಣ್ಣನ ಕಡೆ ತಿರುಗಿದೆ. "ನೀನಾದ್ರೂ ಹೇಳೋ ಅಣ್ಣ."

ಅಣ್ಣ ತನ್ನ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಸ್ಟೂಲಿನ ಮೇಲಿಟ್ಟುಕೊಂಡ. "ಹೇಳೋಕೆ ನನಗೆ ಯಾವ ಬಾಯಿದೆ? ಅವಳು ಇಳಿಯೋದು ನೋಡೋಕೆ ನಾನೂ ಬರ್ತೀನಿ." ಅಪಘಾತವಾದ ಮೇಲೆ ಲಾರಿಗಳಿರುವ ಕಡೆ ಅವನು ಮುಖ ಹಾಕಿರಲಿಲ್ಲ. ಅತ್ತಿಗೆ ಈರುಳ್ಳಿಯ ನೆಪದಲ್ಲಿ ಕಣ್ಣೊರೆಸಿಕೊಂಡಳು. ನನಗೆ ಮಾತ್ರ ಸಿಟ್ಟು ಇಳಿಯಲಿಲ್ಲ. ಗಂಡ ಹೆಂಡತಿ ಇಬ್ಬರದೂ ಒಂದೇ ರಾಗ, ಕಷ್ಟ ಬಂದಾಗ ಮಿಷನ್ ತುಳಿಯುವವಳು ನಾನು.

ಮೂರನೇ ಪರೀಕ್ಷೆಗೆ ಮೈದಾನದಲ್ಲಿ ಇನ್ನೂ ಐದಾರು ಜನ ಇದ್ದರು. ಬಸ್ ಬಿಟ್ಟು ಬಂದವರು, ಕ್ರೇನ್ ಓಡಿಸುತ್ತಿದ್ದವರು, ನಮ್ಮ ಅತ್ತಿಗೆಯ ಹಾಗೆ ಲೈಸೆನ್ಸ್ ಕಳೆದುಕೊಂಡ ಹಳಬರು. ಅವರೆಲ್ಲರಿಗೂ ಯಾರ್ಡ್ ಕೆಲಸ ಕೊಡುವುದಾಗಿ ಮಾತು ಕೊಟ್ಟಿತ್ತು. ಸರಕು ತುಂಬಿದ ಲಾರಿಗಳು ಆಳಿಲ್ಲದೆ ನಿಂತಿವೆ ಎಂದು ಮ್ಯಾನೇಜರ್ ತಾನೇ ಬಂದು ಗಡಿಯಾರ ನೋಡುತ್ತ ನಿಂತಿದ್ದ. ಮೈದಾನದ ಗೇಟಿನ ಬಳಿ ನನ್ನ ಜೊತೆ ಊರುಗೋಲಿನ ಮೇಲಿದ್ದ ಅಣ್ಣನನ್ನು ಅವನು ಗಮನಿಸಲಿಲ್ಲ.

ಅತ್ತಿಗೆಯ ಹೆಸರು ಕೂಗಿದರು. ಹತ್ತಿದಳು. ಟ್ರೇಲರು ಸೊಗಸಾಗಿ ಬಳಸಿ ಕೋನ್‌ಗಳ ಬಾಯಿಗೆ ಬಂತು. ಇಳಿಯಬೇಡ ಮಾರಾಯ್ತಿ, ಇಳಿಯಬೇಡ ಎಂದು ಮನಸ್ಸಿನಲ್ಲೇ ಕೈಮುಗಿದೆ.

ಲಾರಿ ನಿಂತಿತು. ಬಾಗಿಲು ತೆರೆಯಿತು.

"ಅಮ್ಮಾ," ಕೋನ್ ಸಾಹೇಬರ ದನಿಯಲ್ಲಿ ಸಂಕಟವೇ ಇತ್ತು. "ಇದು ಕೊನೇ ಅವಕಾಶ. ಇಳಿದ್ರೆ ನಾನು ಏನೂ ಮಾಡೋಕಾಗಲ್ಲ."

"ನಿಮ್ಮ ಕೆಲಸ ನೀವು ಮಾಡಿ ಸಾರ್. ನನ್ನ ಕೆಲಸ ನಾನು ಮಾಡ್ತೀನಿ."

ಇಳಿದು ಟ್ರೇಲರಿನ ಹಿಂದೆ ಹೋದಳು. ಬಗ್ಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ, ಏನೂ ಇರಲಿಲ್ಲ. ಮತ್ತೆ ಹತ್ತಿ, ಟ್ರೇಲರನ್ನು ಒಂದೇ ಏಟಿಗೆ ಕೋನ್‌ಗಳ ನಡುವೆ ತಂದು ನಿಲ್ಲಿಸಿದಳು. ನನ್ನ ಪಕ್ಕದಲ್ಲಿ ಅಣ್ಣ ತುಟಿಯಲ್ಲೇ "ಬರ್ಲಿ, ಬರ್ಲಿ" ಎನ್ನುತ್ತಿದ್ದ.

ಫೇಲ್.

ಮುಂದಿನವನು ಬಸ್ ಡ್ರೈವರ್. ಹತ್ತುವ ಮುಂಚೆ ಅತ್ತಿಗೆಯನ್ನು ಕೇಳಿದ, "ಯಾಕಮ್ಮ ಇಳಿದ್ರಿ?" ಅವಳು ಗೇಟಿನ ಕಡೆ ಕೈ ತೋರಿದಳು. ಅವನು ಅಣ್ಣನನ್ನು, ಅಣ್ಣನ ಕಾಲನ್ನು ನೋಡಿದ. ನೋಡಿ ಲಾರಿ ಹತ್ತಿದ, ಕೋನ್‌ಗಳ ಬಾಯಿಗೆ ಬಂದ, ನಿಲ್ಲಿಸಿದ, ಇಳಿದ. ಫೇಲ್. ಅವನ ಹಿಂದಿನಿಂದ ಕ್ರೇನಿನವನೂ ಇಳಿದ. ಅವನ ನಂತರದವನು ಇಳಿದು, ಹಿಂದೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು, ಹೊಲ ನೋಡುವವನ ಹಾಗೆ ನಿಧಾನವಾಗಿ ನೋಡಿದ. ನನಗೆ ಆ ಸಂಕಟದಲ್ಲೂ ನಗು ತಡೆಯಲಾಗಲಿಲ್ಲ. ಆ ದಿನ ಒಬ್ಬರೂ ಪಾಸಾಗಲಿಲ್ಲ.

ಮ್ಯಾನೇಜರಿಗೆ ತಲೆ ಕೆಟ್ಟಿತು. ನಿಂತ ಲಾರಿಗಳು ನಿಂತೇ ಇರುತ್ತವಲ್ಲ! ಕೋನ್ ಸಾಹೇಬರ ಮೇಲೆ ಎಗರಿ ಬಿದ್ದ. "ಏನ್ ಸಾರ್ ಇದು? ಎಲ್ಲರನ್ನೂ ಫೇಲ್ ಮಾಡಿದ್ರೆ ನಾನೆಲ್ಲಿ ಹೋಗ್ಲಿ? ಇಳಿದು ನೋಡಿದ್ರೆ ಏನು ಗಂಟು ಹೋಯ್ತು? ಇಳಿದು ನೋಡೋದು ಒಳ್ಳೇ ಅಭ್ಯಾಸ ತಾನೇ!"

"ಇನ್ನೊಂದು ಸಲ ಹೇಳಿ," ಎಂದ ಅಣ್ಣ. ಊರುಗೋಲು ಊರುತ್ತ ಮೈದಾನದ ನಡುವಿಗೆ ಬಂದಿದ್ದ. "ಸ್ವಲ್ಪ ಜೋರಾಗಿ ಹೇಳಿ. ಈ ಕಿವಿ ನಿಮ್ಮ ಬಾಯಿಂದ ಬೇರೇನೋ ಕೇಳಿ ಅಭ್ಯಾಸ."

ಮ್ಯಾನೇಜರ್ ಅವನ ಮುಖ ನೋಡಿದ, ಕಾಲು ನೋಡಿದ. ಗುರುತು ಸಿಕ್ಕಿತು. ಮುಖದ ಬಣ್ಣ ಇಳಿಯಿತು. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು, ಕೋನ್ ಸಾಹೇಬರೂ ಸಹ.

"ಇಳಿದು ನೋಡೋದು ಒಳ್ಳೇ ಅಭ್ಯಾಸ," ಎಂದ. ಜೋರಾಗಿ ಏನಲ್ಲ. ಆದರೂ ಕೇಳಿಸಿತು.

ಕೋನ್ ಸಾಹೇಬರು ಫೋನ್ ಹಿಡಿದು ದೂರ ಹೋದರು. ಮೇಲಿನವರ ಜೊತೆ ಬಹಳ ಹೊತ್ತು ಮಾತಾಡಿದರು. ವಾಪಸ್ ಬಂದಾಗ ಬೆವರೊರೆಸಿಕೊಂಡು ಹೇಳಿದರು: ಒಂದು ಸಲ ಇಳಿದು ನೋಡುವುದಕ್ಕೆ ಇನ್ನು ಮುಂದೆ ಅಡ್ಡಿಯಿಲ್ಲ, ಇವತ್ತಿನವರೆಲ್ಲ ಮತ್ತೆ ಓಡಿಸಿ ತೋರಿಸಬಹುದು. ಅತ್ತಿಗೆ ಮತ್ತೆ ಹತ್ತಿದಳು, ಮತ್ತೆ ನಿಲ್ಲಿಸಿದಳು, ಮತ್ತೆ ಇಳಿದು ನೋಡಿದಳು. ಪಾಸ್! ನಾನು ಚೀರಿದ್ದು ರಸ್ತೆಯವರೆಗೆ ಕೇಳಿಸಿತಂತೆ.

ಮ್ಯಾನೇಜರ್ ಇದ್ದಬದ್ದ ನಗುವನ್ನೆಲ್ಲ ಮುಖಕ್ಕೆ ತಂದುಕೊಂಡು ಅತ್ತಿಗೆಯ ಮುಂದೆ ನಿಂತ. "ನಾಳೆಯಿಂದಲೇ ಬನ್ನಿ ಅಮ್ಮ. ನಿಮಗೇ ಗೊತ್ತಲ್ಲ, ನಮ್ಮಲ್ಲಿ ಡ್ರೈವರ್‌ಗಳೇ ಇಲ್ಲ."

ಅತ್ತಿಗೆ ಅಣ್ಣನ ಬಗಲಿನಿಂದ ಜಾರಿದ್ದ ಊರುಗೋಲನ್ನು ಸರಿಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಇದ್ರು ಸಾರ್," ಎಂದಳು. "ಒಬ್ರು ಇಲ್ಲೇ ನಿಂತಿದಾರೆ, ನೋಡಿ."