ಮೊಮ್ಮಗಳು ಓದುತ್ತಿದ್ದ ಚಪ್ಪರ

ಆಗ ನನಗೆ ಅರವತ್ತೆಂಟು. ಅದಾಗಿ ಈಗ ಮೂರು ವರ್ಷ. ನಾನು ಕಲಿತದ್ದು ಮೂರನೇ ಕ್ಲಾಸಿನವರೆಗೆ. ಬರೆಯುವುದು ನಿಧಾನ, ಆದರೂ ಇದನ್ನು ಬರೆಯಬೇಕು. ನನ್ನ ಮೊಮ್ಮಗಳು ಡಿಗ್ರಿಯ ಕೊನೆಯ ಪರೀಕ್ಷೆಯಲ್ಲಿ ಫೇಲಾದಳು. ಯಾಕೆ ಎಂದು ಕೇಳಿದವರಿಗೆಲ್ಲ ನನ್ನ ಮಗ ಬಸ್ಸಿನ ಕಥೆ ಹೇಳುತ್ತಾನೆ.

ಬಸ್ಸು ಕಾರಣವಲ್ಲ. ನಮ್ಮ ಊರು ಹೊಸನಗರದ ಕಡೆ, ಅವಳ ಕಾಲೇಜು ಸಾಗರದಲ್ಲಿ. ಬೆಳಗಿನ ಮೊದಲ ಬಸ್ಸಿಗೆ ನಿಂತುಕೊಂಡೇ ಹೋಗಿ, ಸಂಜೆ ನಿಂತುಕೊಂಡೇ ಬಂದು ಎರಡು ವರ್ಷ ಒಳ್ಳೆಯ ಮಾರ್ಕ್ಸು ತಂದವಳು ಅವಳು. ಮೂರನೇ ವರ್ಷಕ್ಕೆ ಬಸ್ಸು ಬದಲಾಗಿತ್ತೇ?

ನಮ್ಮ ಮನೆಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಕಾಲೇಜಿನವರು ನೋಟ್ಸನ್ನೆಲ್ಲ ಫೋನಿಗೇ ಕಳಿಸುತ್ತಾರೆ. ಅದಕ್ಕೆ ಮನೆಯ ಹಿಂದಿನ ಗುಡ್ಡ ಹತ್ತಬೇಕು. ಹೆಣ್ಣುಹುಡುಗಿ ಒಬ್ಬಳೇ ಹೋಗುವುದು ಬೇಡ ಎಂದು ಸಂಜೆ ನಾನೂ ಹೋಗುತ್ತಿದ್ದೆ. ಕೊಟ್ಟಿಗೆಗೆ ಹಾಸಲು ದರಗು, ಒಣಗಿದ ಎಲೆ, ಗುಡಿಸಿದ ಹಾಗೂ ಆಯಿತು. ಅವಳು ಬಂಡೆಯ ಮೇಲೆ ಬಿಸಿಲಿಗೆ ಕೂರುವುದು ನೋಡಲಾಗದೆ ನಾಲ್ಕು ಗೂಟ ಹೊಡೆದು, ಮೇಲೆ ಅಡಿಕೆ ಸೋಗೆ ಹೊದೆಸಿ, ಕೂರಲು ಒಂದು ಹಲಗೆ ಹಾಕಿಕೊಟ್ಟೆ. ಅಲ್ಲಿ ಕಾಲು ಅಲ್ಲಾಡಿಸುತ್ತಾ ಗಟ್ಟಿಯಾಗಿ ಓದುತ್ತಿದ್ದಳು. ಅರ್ಥವಾಯಿತು ಎಂದರೆ ಕಾಲು ನಿಲ್ಲುತ್ತಿತ್ತು. ಕೆಮಿಸ್ಟ್ರಿ ಎಂದರೆ ಅವಳಿಗೆ ಪ್ರಾಣ. ಪಾಸಾಗಿ ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಟೀಚರಾಗಬೇಕು ಎಂದಿದ್ದಳು. ನಮ್ಮ ಮನೆಯ ಹೆಣ್ಣು ಒಂದೂ ಹತ್ತನೇ ಕ್ಲಾಸು ದಾಟಿರಲಿಲ್ಲ.

ಕೊನೆಯ ವರ್ಷ ನಿಶ್ಚಿತಾರ್ಥ ಆಯಿತು. ಹುಡುಗ ತೀರ್ಥಹಳ್ಳಿ ಕಡೆಯವನು, ಗೊಬ್ಬರದ ಅಂಗಡಿ ಇದೆ. ಕುಡಿಯುವುದಿಲ್ಲ, ಕೆಟ್ಟವನಲ್ಲ. ಅವನ ತಾಯಿ ನಮ್ಮ ಜಗಲಿಯಲ್ಲೇ ಕೂತು, "ಓದು ಮುಗಿಸ್ಲಿ ಬಿಡಿ, ನಮ್ಗೇನೂ ಅವಸರ ಇಲ್ಲ" ಎಂದರು. ನಾವೂ ಖುಷಿಪಟ್ಟೆವು.

ಆಮೇಲೆ ಹುಡುಗನ ಫೋನು ಶುರುವಾಯಿತು. ಗುಡ್ಡ ಹತ್ತುವುದೇ ತಡ, ಬಡಿದುಕೊಳ್ಳುತ್ತಿತ್ತು. ಊಟ ಆಯ್ತಾ, ಎಂತ ಸಾರು, ಬಸ್ಸಲ್ಲಿ ಪಕ್ಕ ಯಾರು ನಿಂತಿದ್ರು, ಮಧ್ಯಾಹ್ನ ಮಾಡಿದ್ರೆ ಯಾಕೆ ತೆಗೀಲಿಲ್ಲ. "ಲ್ಯಾಬಲ್ಲಿದ್ದೆ ರೀ" ಎಂದು ಇವಳು. ಲ್ಯಾಬಿನ ಫೋಟೋ ಕಳಿಸು ಎಂದು ಅವನು. ಮೊದಮೊದಲು ಇವಳು ನಗುತ್ತಿದ್ದಳು. ಆಮೇಲೆ ನಗು ನಿಂತಿತು, ಮಾತು ನಿಲ್ಲಲಿಲ್ಲ. ಕಾಲು ಅಲ್ಲಾಡುತ್ತಲೇ ಇರುತ್ತಿತ್ತು. ಪುಸ್ತಕದ ಮೇಲೆ ಇರುವೆ ಹರಿದರೂ ಕೊಡವುತ್ತಿರಲಿಲ್ಲ.

ಕಾಲೇಜಿನ ಮೇಡಂ ಒಬ್ಬರು ನನ್ನ ಮಗನನ್ನು ಕರೆಸಿದರು. ನನ್ನ ಕಣ್ಣು ತೋರಿಸಲು ಸಾಗರಕ್ಕೆ ಹೋಗಿದ್ದೆವು, ಹಾಗಾಗಿ ನಾನೂ ಇದ್ದೆ. "ಹುಡ್ಗಿ ಯಾಕೋ ಹಿಂದೆ ಬಿದ್ದಿದಾಳೆ. ಮನೇಲಿ ಏನಾದ್ರೂ ತೊಂದ್ರೆ ಇದ್ಯಾ?" ಎಂದು ಕೇಳಿದರು. "ಎಂತದೂ ಇಲ್ಲ ಮೇಡಂ, ಬಸ್ಸಿಂದೇ ತಾಪತ್ರಯ" ಎಂದ ಮಗ. ನಾನು ಬಾಯಿ ತೆರೆಯುವುದರೊಳಗೆ ನನ್ನ ಕೈ ಹಿಡಿದು ಎಬ್ಬಿಸಿದ.

ಕೆಮಿಸ್ಟ್ರಿ ಪರೀಕ್ಷೆಯ ಹಿಂದಿನ ಸಂಜೆ ಗುಡ್ಡ ಹತ್ತಿದೆವು. ಮೇಡಂ ಏನೋ ಪ್ರಶ್ನೆ ಕಳಿಸಿದ್ದರಂತೆ, ಅದಕ್ಕೆ. ಅದು ಬರುವ ಮೊದಲೇ ಅವನ ಫೋನು ಬಂತು. ನಾನು ಎಷ್ಟು ಹೊತ್ತು ಅಂತ ನೋಡುವುದು? ಅವಳ ಕೈಯಿಂದ ಫೋನು ಕಸಿದೆ.

"ತಮ್ಮಾ, ನಾನು ಅಜ್ಜಿ. ನಾಳೆ ಇವ್ಳಿಗೆ ಪರೀಕ್ಷೆ. ಇವತ್ತೊಂದಿನ ಬಿಡು."

"ಧೈರ್ಯ ಹೇಳೋಣ ಅಂತ ಮಾಡ್ದೆ ಅಜ್ಜಿ."

"ನಿನ್ನೆನೂ ಹೇಳಿದ್ಯಲ್ಲ, ಮೊನ್ನೆನೂ ಹೇಳಿದ್ಯಲ್ಲ. ಎಷ್ಟು ಧೈರ್ಯ ಬೇಕು ಮಾರಾಯ? ಇವ್ಳೇನು ಹುಲಿ ಹೊಡ್ಯೋಕೆ ಹೋಗ್ತಾಳಾ?"

ಅವನು ಫೋನಿಟ್ಟ. ಇವಳ ಮುಖ ಬಿಳಿಚಿಕೊಂಡಿತು. ಫೋನು ಕಿತ್ತುಕೊಂಡು ತಿರುಗಿ ಮಾಡಿದಳು. ಅವನು ತೆಗೆಯಲಿಲ್ಲ. ಮತ್ತೆ ಮಾಡಿದಳು. ಕತ್ತಲಾಗುವವರೆಗೂ ಅದೇ ಕೆಲಸ. ಪುಸ್ತಕ ಹಲಗೆಯ ಮೇಲೆ ಹಾಗೇ ಬಿದ್ದಿತ್ತು. ಇಳಿಯುವಾಗ ನಾನೇ ಎತ್ತಿಕೊಂಡು ಬಂದೆ.

ಹೊಸನಗರ ಪೇಟೆಯಲ್ಲಿದ್ದ ಮಗನಿಗೆ ಅಷ್ಟರಲ್ಲಿ ಬೀಗರ ಫೋನು ಹೋಗಿತ್ತು. ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ.

"ಅಮ್ಮಾ, ನಿಂಗೆಂತಕ್ಕೆ ಬೇಕಿತ್ತು ಇದೆಲ್ಲ?"

"ಪರೀಕ್ಷೆ ಬರ್ಯೋದು ಅವನಾ?"

"ಪರೀಕ್ಷೆ ಇನ್ನೊಂದ್ಸಲ ಬರೀಬಹುದು. ಸಂಬಂಧ ಇನ್ನೊಂದ್ಸಲ ಬರುತ್ತಾ?"

ಅವಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಬೆಳಗ್ಗೆ ಬಸ್ಸಿಗೆ ಹೊರಟಾಗ ಕಣ್ಣು ಊದಿತ್ತು. ನಾನು ಮಾಡಿದ್ದು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಅದರಿಂದ ಉಪಯೋಗವಾಗಲಿಲ್ಲ, ಅಷ್ಟೇ.

ರಿಸಲ್ಟ್ ನೋಡಲೂ ಗುಡ್ಡಕ್ಕೇ ಹೋಗಬೇಕು. "ನೀನು ಬರೋದು ಬೇಡ" ಎಂದಳು. ನಾನು ಹೋದೆ. ಎಲ್ಲದರಲ್ಲೂ ಪಾಸು, ಕೆಮಿಸ್ಟ್ರಿಯಲ್ಲಿ ಇಲ್ಲ. ಕೆಮಿಸ್ಟ್ರಿಯಲ್ಲಿ. ಹಲಗೆಯ ಮೇಲೆ ಕೂತು ಅವನಿಗೆ ಮಾಡಿದಳು. ಅವನ ದನಿ ದೊಡ್ಡದು, ನನಗೂ ಕೇಳಿಸುತ್ತಿತ್ತು.

"ಹೋಗ್ಲಿ ಬಿಡು. ನಾನೇನು ನಿನ್ನ ಕೆಲ್ಸಕ್ಕೆ ಕಳಿಸ್ತೀನಾ? ತಲೆ ಕೆಡಿಸ್ಕೋಬೇಡ."

ಫೋನಿಟ್ಟು ನನ್ನ ಕಡೆ ತಿರುಗಿದಳು. ದೊಡ್ಡ ಗಂಡಾಂತರ ಕಳೆದವರ ಮುಖ ಇರುತ್ತದಲ್ಲ, ಹಾಗಿತ್ತು ಅವಳ ಮುಖ.

"ಅವ್ರು ಒಂದ್ ಮಾತೂ ಬೈಲಿಲ್ಲ ಅಜ್ಜಿ."

ಗಂಡ ಸತ್ತ ದಿನವೂ ನಾನು ಎದ್ದು ಕರು ಬಿಟ್ಟು ಹಾಲು ಕರೆದವಳು. ಆವತ್ತು ಚಪ್ಪರದ ಗೂಟ ಹಿಡಿದುಕೊಂಡು ನಿಂತೆ.

"ಮತ್ತೆ ಪರೀಕ್ಷೆ ಕಟ್ಟಿ ಬರೀತೀಯಲ್ಲ?" ಎಂದೆ.

"ಎಂತಕ್ಕೆ?" ಎಂದಳು. ಸಿಟ್ಟಿನಿಂದಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದ ಹಾಗೆ. ಎದ್ದು ಮುಂದೆ ಮುಂದೆ ಇಳಿದು ಹೋದಳು.

ಮಾರನೇ ದಿನ ಬೆಳಗ್ಗೆ ನಾನೊಬ್ಬಳೇ ಗುಡ್ಡ ಹತ್ತಿ ಚಪ್ಪರ ಕಿತ್ತೆ. ಹಲಗೆಯನ್ನು ಕೊಟ್ಟಿಗೆಗೆ ಹಾಕಿದೆ. ಸೋಗೆ ಚೆನ್ನಾಗಿ ಒಣಗಿತ್ತು. ಅದನ್ನೂ ಗೂಟಗಳನ್ನೂ ಬಚ್ಚಲ ಒಲೆಗೆ ತುಂಬಿ ಹಂಡೆಯ ನೀರು ಕಾಯಿಸಿ, ಸ್ನಾನಕ್ಕೆ ಬಾ ಎಂದು ಅವಳನ್ನು ಕರೆದೆ.