ಮೂವತ್ತೊಂಬತ್ತು ನಿಮಿಷ ಬಾಕಿ

ಸ್ವೀಡನ್ನಿನ ಲುಂಡ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ, ಲ್ಯಾಬಿನ ಹಳೇ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಅದರಲ್ಲಿ ಎಲ್ಲರ ಎರಡು ವರ್ಷದ ಅಳತೆಗಳಿದ್ದವು. ಮೊದಲು ಕಾಪಿ ತೆಗೆದಿಡು ಎಂದು ಗೈಡ್ ಹೇಳಿದ್ದರು. ನಾನು ಕಾಪಿ ತೆಗೆಯಲಿಲ್ಲ, ಪೂಜೆ ಮಾಡಿದೆ. ಅಂದು ಆಯುಧಪೂಜೆ. ಯಾರೂ ಇಲ್ಲದ ಹೊತ್ತು ನೋಡಿ ಟ್ರೇಯಲ್ಲಿಟ್ಟ ಸಿಡಿಯ ಮೇಲೆ ನಾಲ್ಕು ಕಾಳು ಅಕ್ಷತೆ ಹಾಕಿ, ಕೈಮುಗಿದು, ಕಾಳುಗಳನ್ನು ಆಯ್ದುಕೊಂಡು ಟ್ರೇ ಒಳಗೆ ತಳ್ಳಿದೆ.

'ಮೂವತ್ತೊಂಬತ್ತು ನಿಮಿಷ ಬಾಕಿ' ಎಂದು ತೋರಿಸಿದ ಯಂತ್ರ ಒಂದು ಗಂಟೆ ಕಳೆದರೂ ಅಲ್ಲೇ ನಿಂತಿತ್ತು. ಆಫ್ ಮಾಡಿದರೆ ಎಲ್ಲ ಅಳಿಸಿಹೋದೀತು ಎಂದು ಸ್ವಿಚ್ಚಿನಿಂದ ಕೈ ತೆಗೆದೆ. ಕಂಪ್ಯೂಟರ್ ವಿಭಾಗದವನಿಗೆ ಫೋನ್ ಮಾಡಿದೆ.

"ಏನೂ ಮುಟ್ಬೇಡಿ. ಫೀಕಾ ಮುಗಿಸಿ ಬರ್ತೀನಿ," ಎಂದ.

ಅವನ ಕಾಫಿ ಮುಗಿಯುವವರೆಗೆ ನಾನು ಪರದೆ ನೋಡುತ್ತ ಕೂತೆ. ಪಕ್ಕದ ಕೋಣೆಯಲ್ಲಿ ಗೈಡ್ ನಗುವುದು ಕೇಳುತ್ತಿತ್ತು. ಬಾಗಿಲ ಸದ್ದಾದಾಗಲೆಲ್ಲ ಅವರೇ ಬಂದರೇನೋ ಎಂದು ಎದ್ದು ಪರದೆಗೆ ಅಡ್ಡ ನಿಲ್ಲುತ್ತಿದ್ದೆ.

ಅವನು ಬಂದವನೇ ಪರದೆ ನೋಡಿದ, ಟ್ರೇ ತೆರೆದ, ಸಿಡಿ ಎತ್ತಿದ. ಅಡಿಯಲ್ಲಿ ಒಂದು ಹಳದಿ ಅಕ್ಕಿಕಾಳು ಬಿದ್ದಿತ್ತು.

"ಇದೇನಿದು?"

"ಗೊತ್ತಿಲ್ಲ," ಎಂದೆ.

ಅವನು ಅರಿಸಿನ ಹಿಡಿದಿದ್ದ ನನ್ನ ಉಗುರುಗಳನ್ನು ನೋಡಿದ. ಕಾಳನ್ನು ನನ್ನ ಅಂಗೈಯಲ್ಲಿಟ್ಟು, ಸಿಡಿ ಮತ್ತೆ ಕೂರಿಸಿ, ಒಂದು ಕೀಲಿ ಒತ್ತಿದ. ಸ್ವಲ್ಪ ಹೊತ್ತಿಗೆ ಮೂವತ್ತೆಂಟು ಎಂದು ಬಂತು.

ನನ್ನ ಮುಷ್ಟಿ ಮಾತ್ರ ಮನೆಗೆ ಹೋಗುವವರೆಗೂ ಬಿಚ್ಚಲಿಲ್ಲ.